ಮಿಸ್ ಮಾರ್ಪಲ್ ಈಗ ಯಾರ ಸ್ವತ್ತು? ಬಂಗಲೆ ಕೊಲೆಕತೆಯ ಕೀಲು ಎಲ್ಲಿದೆ?

2026ರ ಜನವರಿ 1ರಂದು ಅಮೆರಿಕದಲ್ಲಿ ಎರಡು ಪತ್ತೇದಾರಿ ಕಾದಂಬರಿಗಳ ಹಕ್ಕುಸ್ವಾಮ್ಯ ಒಟ್ಟಿಗೇ ಮುಗಿಯಿತು. ಒಂದು, ಅಗಾಥಾ ಕ್ರಿಸ್ಟಿ ಅವರ ‘ದಿ ಮರ್ಡರ್ ಅಟ್ ದಿ ವಿಕಾರೇಜ್’. ಬೇಲಿಯಾಚೆ ಸದಾ ಕಣ್ಣಿಟ್ಟಿರುವ ಮಿಸ್ ಮಾರ್ಪಲ್ ಎಂಬ ಮುದುಕಿ ಕಾದಂಬರಿಗೆ ಮೊದಲು ಕಾಲಿಟ್ಟದ್ದು ಇದರಲ್ಲಿ. ಇನ್ನೊಂದು, ಡ್ಯಾಶಿಯಲ್ ಹ್ಯಾಮೆಟ್ ಅವರ ‘ದಿ ಮಾಲ್ಟೀಸ್ ಫಾಲ್ಕನ್’. ಅದರ ಜಗತ್ತೇ ಬೇರೆ: ಸ್ಯಾನ್ ಫ್ರಾನ್ಸಿಸ್ಕೋದ ಬೀದಿ, ಬಾಡಿಗೆ ಕೋಣೆ, ಪಿಸ್ತೂಲು. ಎರಡೂ 1930ರವು. ಪತ್ತೇದಾರಿ ಕತೆಯ ಎರಡು ಎದುರಾಳಿ ಮನೆತನಗಳಿಗೆ ಒಂದೇ ದಿನ ಬಾಗಿಲು ತೆರೆದಂತಾಯಿತು.

ಸುದ್ದಿ ಓದಿದವರಲ್ಲಿ ಗೊಂದಲ ಎದ್ದದ್ದು ಸಹಜ. ಮಾರ್ಪಲ್ ಈಗ ಎಲ್ಲರ ಸ್ವತ್ತಾದರೆ ನಾಳೆಯೇ ಕನ್ನಡಕ್ಕೆ ಅನುವಾದಿಸಿ ಅಚ್ಚು ಹಾಕಬಹುದೇ? ಹಾಕುವಂತಿಲ್ಲ. ಕಾರಣ ಸಣ್ಣದು, ಕೂಡಿ ಕಳೆಯುವ ಲೆಕ್ಕ. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಗೇಣಿ ವಸೂಲಿ ಮಾಡುವ ಧಣಿ, ಬಿಳಿ ಕೈಗವಸಿನ ಬಟ್ಲರ್, ಊಟಕ್ಕೆ ಗಂಟೆ ಬಾರಿಸುವ ಮನೆ, ಇವೆಲ್ಲ ಇಂಗ್ಲೆಂಡಿನಲ್ಲೇ ಬಹುಮಟ್ಟಿಗೆ ಮಾಯವಾಗಿವೆ. ಅಂಥ ಮನೆಯೊಳಗಿನ ಕೊಲೆಯ ಕತೆ ಮಾತ್ರ ನೂರು ವರ್ಷವಾದರೂ ಏಕೆ ಮಾಯವಾಗಿಲ್ಲ?

ಮೊದಲು ಕಾನೂನಿನ ಲೆಕ್ಕ ಮುಗಿಸೋಣ

ಅಮೆರಿಕದಲ್ಲಿ 1930ರಲ್ಲಿ ಪ್ರಕಟವಾದ ಪುಸ್ತಕಕ್ಕೆ ಪ್ರಕಟಣೆಯಿಂದ 95 ವರ್ಷ ರಕ್ಷಣೆ. ಅದು 2025ರ ಕೊನೆಗೆ ತೀರಿತು. ಭಾರತದಲ್ಲಿ ಪುಸ್ತಕ ಯಾವಾಗ ಬಂತು ಎಂಬುದು ಮುಖ್ಯವಲ್ಲ, ಲೇಖಕರು ಯಾವಾಗ ತೀರಿಕೊಂಡರು ಎಂಬುದು ಮುಖ್ಯ. ಅವರು ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ. ಕ್ರಿಸ್ಟಿ ತೀರಿಕೊಂಡದ್ದು 1976ರ ಜನವರಿ 12ರಂದು. ಆದ್ದರಿಂದ ಇಲ್ಲಿ ಅವರ ಕಾದಂಬರಿಗಳಿಗೆ 2036ರ ಡಿಸೆಂಬರ್ 31ರವರೆಗೆ ಬೀಗ. ಹನ್ನೆರಡೇ ದಿನ ಮೊದಲು ತೀರಿಕೊಂಡಿದ್ದರೆ ಒಂದು ಇಡೀ ವರ್ಷ ಮೊದಲೇ ಬೀಗ ಬಿಚ್ಚುತ್ತಿತ್ತು; ಕಾನೂನಿನ ಕ್ಯಾಲೆಂಡರ್ ಹಾಗೆ. ಬ್ರಿಟನ್ನಿನಲ್ಲಿ 60ರ ಬದಲು 70 ವರ್ಷ, ಅಂದರೆ 2046ರ ಕೊನೆ. ಹ್ಯಾಮೆಟ್ ತೀರಿಕೊಂಡದ್ದು 1961ರಲ್ಲಿ. ಅವರ ಕಾದಂಬರಿ ನಮ್ಮ ಲೆಕ್ಕದಲ್ಲೂ ಅಮೆರಿಕದ ಲೆಕ್ಕದಲ್ಲೂ ಮುಗಿದ ಬಾಬತ್ತು.

ಅಮೆರಿಕದ ಜಾಲತಾಣವೊಂದರಲ್ಲಿ ಪೂರ್ತಿ ಪಠ್ಯ ಬಿಟ್ಟಿಯಾಗಿ ಸಿಕ್ಕಿತೆಂದು ಬೆಂಗಳೂರಿನಲ್ಲಿ ಅದರ ಅನುವಾದ ಮಾರಲು ಬರುವುದಿಲ್ಲ. ಮಾರಾಟ ನಡೆಯುವ ನೆಲದ ಕಾನೂನು ಲಾಗು. ಅಮೆರಿಕದಲ್ಲೂ ಬಿಡುಗಡೆಯಾದದ್ದು 1930ರ ಕಾದಂಬರಿಯ ಮತ್ತು ಅದಕ್ಕೂ ಹಿಂದಿನ ಕೆಲವು ಸಣ್ಣಕತೆಗಳ ಮಾರ್ಪಲ್ ಮಾತ್ರ. ಆಗಿನ ಮಾರ್ಪಲ್ ಸ್ವಲ್ಪ ಕಿರಿಕಿರಿಯ, ಊರವರೆಲ್ಲ ಹೆದರುವ ಚಾಡಿಬಾಯಿ. ಮುಂದಿನ ದಶಕಗಳ ಪುಸ್ತಕಗಳಲ್ಲಿ ಮೂಡಿದ ಮೆದು ಸ್ವಭಾವದ ಅಜ್ಜಿ ಇನ್ನೂ ಬೀಗದೊಳಗೇ ಇದ್ದಾಳೆ. ಇದರ ಮೇಲೆ ಹೆಸರುಗಳ ಟ್ರೇಡ್‌ಮಾರ್ಕ್ ಬೇರೆ.

ಆದರೆ ಎಲ್ಲ ದೇಶಗಳ ಕಾನೂನೂ ಒಪ್ಪುವ ಒಂದು ಮಾತಿದೆ: ಹಕ್ಕುಸ್ವಾಮ್ಯ ಇರುವುದು ಬರೆದ ರೀತಿಗೆ, ಉಪಾಯಕ್ಕಲ್ಲ. ಹಿಮ ಬಿದ್ದು ದಾರಿ ಮುಚ್ಚಿದ ಬಂಗಲೆ, ಎಂಟು ಜನ ಅನುಮಾನಿತರು, ಕೊನೆಗೆ ಎಲ್ಲರನ್ನೂ ಲೈಬ್ರರಿಯಲ್ಲಿ ಕೂರಿಸಿ ಗುಟ್ಟು ಬಿಚ್ಚುವ ಪತ್ತೇದಾರ, ಈ ಯಂತ್ರಕ್ಕೆ ಯಾವತ್ತೂ ಬೀಗ ಇರಲಿಲ್ಲ. 1931ರಲ್ಲೂ ಯಾರು ಬೇಕಾದರೂ ಬಳಸಬಹುದಿತ್ತು, ಬಳಸಿದರು ಕೂಡ. ಬಹುಪಾಲು ಜನ ಸೋತರು. ಅವರು ಏಕೆ ಸೋತರು ಎಂದು ನೋಡಿದರೆ ಈ ಕತೆಗಳ ಸೆಳೆತ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಬಂಗಲೆ ಎಂದರೆ ಎಣಿಕೆ

ಇಂಗ್ಲಿಷರ ‘ಕಂಟ್ರಿ ಹೌಸ್’ ನಮ್ಮ ಹಳ್ಳಿಮನೆ ಅಲ್ಲ. ಗೇಣಿಗೆ ಕೊಟ್ಟ ನೂರಾರು, ಸಾವಿರಾರು ಎಕರೆಯ ನಡುವೆ ಒಂಟಿಯಾಗಿ ನಿಂತ, ಧಣಿಯ ಕುಟುಂಬಕ್ಕಿಂತ ಆಳುಗಳೇ ಹೆಚ್ಚಿರುವ ಮನೆ. ಕನ್ನಡದಲ್ಲಿ ಹತ್ತಿರದ ಮಾತು ಬಂಗಲೆ.

ಪತ್ತೇದಾರಿ ಲೇಖಕರಿಗೆ ಇದು ಚಂದದ ಹಿನ್ನೆಲೆ ಮಾತ್ರ ಆಗಿರಲಿಲ್ಲ. ಪಟ್ಟಣದ ಬೀದಿಯಲ್ಲಿ ಕೊಲೆಯಾದರೆ ಕೊಂದವನು ಲಕ್ಷ ಜನರಲ್ಲಿ ಯಾರೂ ಆಗಿರಬಹುದು. ಓದುಗನಿಗೆ ಊಹಿಸುವ ಅವಕಾಶವೇ ಇಲ್ಲ. ಬಂಗಲೆಯಲ್ಲಿ ಹಾಗಲ್ಲ. ರಾತ್ರಿ ಬಟ್ಲರ್ ಬಾಗಿಲಿಗೆ ಅಗುಳಿ ಹಾಕಿದ ಕ್ಷಣದಲ್ಲಿ ಒಳಗಿರುವವರ ಪಟ್ಟಿ ಮುಗಿಯಿತು. ಬೆಳಿಗ್ಗೆ ಅಗುಳಿ ಹಾಕಿದಂತೆಯೇ ಇದ್ದರೆ ಕೊಲೆಗಾರ ಆ ಪಟ್ಟಿಯಲ್ಲೇ ಇದ್ದಾನೆ. ಪಟ್ಟಿ ಓದುಗನ ಕೈಯಲ್ಲೂ ಇದೆ, ಪತ್ತೇದಾರನ ಕೈಯಲ್ಲೂ ಇದೆ. ಆಟ ಸಮಬಲದ್ದು.

ಪಟ್ಟಿಯ ಉದ್ದಕ್ಕೂ ಒಂದು ಅಳತೆ ಇದೆ. ಆರರಿಂದ ಎಂಟು ಅನುಮಾನಿತರು ಸರಿ. ಐದಕ್ಕಿಂತ ಕಡಿಮೆಯಾದರೆ ಓದುಗ ತರ್ಕವಿಲ್ಲದೆ ಬರೀ ಅಂದಾಜಿನಲ್ಲೇ ಹಿಡಿದುಬಿಡುತ್ತಾನೆ. ಹತ್ತು ದಾಟಿದರೆ ಯಾರು ಯಾರ ಸೋದರಳಿಯ ಎಂದು ನೋಡಲು ಹಿಂದಿನ ಪುಟಕ್ಕೆ ಓಡಬೇಕು. ಎರಡು ಸಲ ಓಡಿದವನು ಮೂರನೆಯ ಸಲ ಪುಸ್ತಕ ಮುಚ್ಚುತ್ತಾನೆ.

ಜನರಂತೆ ಹೊತ್ತನ್ನೂ ಈ ಮನೆ ಎಣಿಸಿ ಇಡುತ್ತದೆ. ಬೆಳಗಾಗುತ್ತಲೇ ಕೆಲಸದ ಹುಡುಗಿ ಕೋಣೆ ಕೋಣೆಗೆ ಹೋಗಿ ಅಗ್ಗಿಷ್ಟಿಕೆಯ ಬೂದಿ ತೆಗೆದು ಪರದೆ ಸರಿಸುತ್ತಾಳೆ. ಹೆಣ ಲೈಬ್ರರಿಯಲ್ಲಿ, ಅದೂ ಬೆಳಿಗ್ಗೆಯೇ, ಅದೂ ಅವಳ ಕಣ್ಣಿಗೇ ಬೀಳುವುದು ಇದಕ್ಕಾಗಿ. ಸಂಜೆ ಊಟಕ್ಕೆ ಮುಂಚೆ, ಸುಮಾರು ಅರ್ಧ ಗಂಟೆ ಮೊದಲು, ಎಲ್ಲರೂ ಬಟ್ಟೆ ಬದಲಿಸಲಿ ಎಂದು ಗಂಟೆ ಬಾರಿಸುತ್ತಾರೆ. ಆ ಅರ್ಧ ಗಂಟೆ ಬಂಗಲೆಯ ಅತ್ಯಂತ ಅಪಾಯದ ಹೊತ್ತು. ಎಲ್ಲರೂ ಮನೆಯಲ್ಲೇ ಇದ್ದಾರೆ, ಪ್ರತಿಯೊಬ್ಬರೂ ತಮ್ಮ ಕೋಣೆಯಲ್ಲಿ ಒಂಟಿ, ಯಾರಿಗೂ ಸಾಕ್ಷಿಯಿಲ್ಲ, ಆದರೆ ಎಲ್ಲರಿಗೂ ತಾವು ಎಲ್ಲಿದ್ದೆವೆಂದು ಹೇಳಲು ಒಪ್ಪುವಂಥ ಕಾರಣ ಇದೆ. ಎಷ್ಟೋ ಕತೆಗಳಲ್ಲಿ ಗುಂಡು ಹಾರುವುದು ಆಗಲೇ.

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ಕಟ್ಟಳೆ ಬರೆದರು. ಒಂದು ಕತೆಯಲ್ಲಿ ಒಂದಕ್ಕಿಂತ ಹೆಚ್ಚು ಗುಪ್ತದಾರಿ ಇರಬಾರದು, ವಿಜ್ಞಾನಕ್ಕೆ ಗೊತ್ತಿಲ್ಲದ ವಿಷ ಬೇಡ, ಮುನ್ಸೂಚನೆ ಕೊಡದೆ ಅವಳಿಗಳನ್ನು ತರಬೇಡಿ ಇತ್ಯಾದಿ. ತಮಾಷೆಯ ಧಾಟಿಯಲ್ಲಿ ಬರೆದದ್ದಾದರೂ ಒಳಗಿನ ತರ್ಕ ಒಂದೇ: ಎಣಿಕೆ ಕೆಡಿಸಬೇಡಿ. ಗುಪ್ತದಾರಿ ಬಾಗಿಲುಗಳ ಲೆಕ್ಕ ಕೆಡಿಸುತ್ತದೆ, ಅವಳಿ ತಲೆಗಳ ಲೆಕ್ಕ ಕೆಡಿಸುತ್ತಾನೆ. 1930ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪತ್ತೇದಾರಿ ಲೇಖಕರ ಕೂಟ ಡಿಟೆಕ್ಷನ್ ಕ್ಲಬ್ಬಿನ ಸದಸ್ಯರು ದೈವವಾಣಿ, ಕಾಕತಾಳೀಯಗಳ ನೆರವು ಪಡೆಯುವುದಿಲ್ಲ ಎಂದು ಪ್ರಮಾಣ ಮಾಡುತ್ತಿದ್ದದ್ದೂ ಇದಕ್ಕೇ.

ಶ್ರೀರಂಗಪಟ್ಟಣದ ವಜ್ರ, ಯಾರ್ಕ್‌ಶೈರಿನ ಬಣ್ಣ

ಈ ಬಗೆಯ ಕತೆ ಕಾಗದಕ್ಕೆ ಇಳಿಯುವ ಮೊದಲು ಒಂದು ನಿಜವಾದ ಮನೆಯಲ್ಲಿ ನಡೆದಿತ್ತು. 1860ರ ಜೂನ್ ಕೊನೆಯ ರಾತ್ರಿಯೊಂದರಲ್ಲಿ ವಿಲ್ಟ್‌ಶೈರಿನ ರೋಡ್ ಹಿಲ್ ಹೌಸಿನಿಂದ ಸ್ಯಾವಿಲ್ ಕೆಂಟ್ ಎಂಬ ನಾಲ್ಕು ತುಂಬದ ಮಗು ಕಾಣೆಯಾಗಿ, ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿತು. ಒಳಗಿನವರೇ ಮಾಡಿದ್ದು ಎಂದು ಎಲ್ಲ ಗುರುತುಗಳೂ ಹೇಳುತ್ತಿದ್ದವು. ಸ್ಕಾಟ್ಲೆಂಡ್ ಯಾರ್ಡಿನ, ಅಂದರೆ ಲಂಡನ್ ಪೊಲೀಸರ, ಪತ್ತೇದಾರ ಜೊನಾಥನ್ ವಿಚರ್ ಬಂದು ಅಗಸರಿಗೆ ಕೊಟ್ಟ ಬಟ್ಟೆಗಳ ಪಟ್ಟಿ ತರಿಸಿದರು. ಮಗುವಿನ ಮಲ ಅಕ್ಕ, ಹದಿನಾರರ ಕಾನ್‌ಸ್ಟನ್ಸ್‌ಗೆ ಇದ್ದ ರಾತ್ರಿಯಂಗಿಗಳಲ್ಲಿ ಒಂದು ಕಡಿಮೆ ಬರುತ್ತಿತ್ತು. ಅಷ್ಟರ ಮೇಲೆ ಆಕೆಯನ್ನು ಬಂಧಿಸಿದರು. ಕೂಲಿ ಮನೆತನದಿಂದ ಬಂದ ಪೊಲೀಸ್ ಒಬ್ಬ ಗೌರವಸ್ಥರ ಮಗಳ ಒಳಬಟ್ಟೆ ಎಣಿಸುವುದೇ ಎಂದು ದೇಶವೆಲ್ಲ ಕೆರಳಿತು, ಪ್ರಕರಣ ಬಿದ್ದುಹೋಯಿತು. ಐದು ವರ್ಷದ ನಂತರ, 1865ರಲ್ಲಿ, ಕಾನ್‌ಸ್ಟನ್ಸ್ ತಾನೇ ತಪ್ಪೊಪ್ಪಿಕೊಂಡಳು.

ಅದಾಗಿ ಮೂರು ವರ್ಷಕ್ಕೆ ವಿಲ್ಕಿ ಕಾಲಿನ್ಸ್ ‘ದಿ ಮೂನ್‌ಸ್ಟೋನ್’ ಬರೆದರು. ಇಂಗ್ಲಿಷ್ ಬಂಗಲೆಯೊಳಗಿನ ಪತ್ತೇದಾರಿಕೆಯ ಮೊದಲ ದೊಡ್ಡ ಕಾದಂಬರಿ ಶುರುವಾಗುವುದು ನಮ್ಮ ಮಂಡ್ಯ ಜಿಲ್ಲೆಯಲ್ಲಿ ಎಂಬುದನ್ನು ಕನ್ನಡ ಓದುಗರು ಅಷ್ಟಾಗಿ ಗಮನಿಸಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನ ಇಂಗ್ಲಿಷ್ ಅಧಿಕಾರಿಯೊಬ್ಬ ಅಲ್ಲಿ ಕೊಲೆ ಮಾಡಿ ವಜ್ರ ಹೊಡೆಯುತ್ತಾನೆ. ವಜ್ರ ಕಾಲ್ಪನಿಕ, ಲೂಟಿ ನಿಜ. ಅರ್ಧ ಶತಮಾನದ ನಂತರ ಆ ವಜ್ರ ಯಾರ್ಕ್‌ಶೈರಿನ ಮನೆಯೊಂದರಿಂದ ರಾತ್ರೋರಾತ್ರಿ ಕಾಣೆಯಾಗುತ್ತದೆ.

ಅಲ್ಲಿನ ಮುಖ್ಯ ಸುಳಿವು ಬಾಗಿಲಿಗೆ ಬಳಿದ ಬಣ್ಣ. ಮಧ್ಯಾಹ್ನ ಮೂರಕ್ಕೆ ಬಳಿದು ಮುಗಿಸಿದ್ದು. ಆ ಬಣ್ಣ ಒಣಗಲು ಹನ್ನೆರಡು ಗಂಟೆ ಬೇಕು. ಬೀಗದ ಕೆಳಗೆ ಒಂದು ಕಡೆ ಅದು ಉಜ್ಜಿಹೋಗಿದೆ. ಬೆಳಿಗ್ಗೆ ಹನ್ನೊಂದಕ್ಕೆ ನೆರೆದ ಹೆಣ್ಣಾಳುಗಳ ಲಂಗ ತಾಗಿರಬೇಕು ಎಂದು ಸ್ಥಳೀಯ ಅಧಿಕಾರಿ ಷರಾ ಬರೆಯುತ್ತಾನೆ. ಲಂಡನ್ನಿನ ಪತ್ತೇದಾರ ಸಾರ್ಜೆಂಟ್ ಕಫ್ ಬಂದು ಕೂಡಿ ಕಳೆಯುತ್ತಾನೆ: ಬೆಳಗಿನ ಜಾವ ಮೂರಕ್ಕೆ ಬಣ್ಣ ಒಣಗಿತ್ತು, ಹನ್ನೊಂದಕ್ಕೆ ಉಜ್ಜಿಹೋಗಲು ಸಾಧ್ಯವಿಲ್ಲ, ನಡುರಾತ್ರಿ ಬಾಗಿಲು ನೋಡಿದ ಕೆಲಸದ ಹುಡುಗಿ ಕಲೆ ಇರಲಿಲ್ಲ ಎನ್ನುತ್ತಾಳೆ. ಅಂದರೆ ಹನ್ನೆರಡರಿಂದ ಮೂರರೊಳಗೆ ಯಾರೋ ಆ ಬಾಗಿಲು ದಾಟಿದ್ದಾರೆ, ಬಣ್ಣ ಮೆತ್ತಿದ ಬಟ್ಟೆ ಈ ಮನೆಯಲ್ಲೇ ಎಲ್ಲೋ ಇದೆ. ರೋಡ್ ಹಿಲ್‌ನ ರಾತ್ರಿಯಂಗಿ ಇಲ್ಲಿ ಮತ್ತೆ ಎಣಿಕೆಗೆ ಬಂತು. ಮುಂದಿನ ನೂರು ವರ್ಷದ ಬಂಗಲೆ ಕತೆಗಳ ವ್ಯಾಕರಣ ಈ ಒಂದು ಬಾಗಿಲಿನ ಮೇಲೆ ಬರೆದಿದೆ ಎಂದರೂ ತಪ್ಪಿಲ್ಲ.

ಕಾಲು ಗಂಟೆ ಮುಂದಿಟ್ಟ ಗಡಿಯಾರ

ಈಗ ಸುದ್ದಿಯಲ್ಲಿರುವ ಕಾದಂಬರಿಗೆ ಬರೋಣ. (ಸುಳಿವುಗಳನ್ನು ಹೇಳುತ್ತೇನೆ, ಕೊಲೆಗಾರರನ್ನು ಹೇಳುವುದಿಲ್ಲ.) ಪಾದ್ರಿಯ ಓದುವ ಕೋಣೆಯಲ್ಲಿ ಕರ್ನಲ್ ಪ್ರೊಥೆರೋ ಮೇಜಿನ ಮೇಲೆ ಬೋರಲು ಬಿದ್ದಿದ್ದಾನೆ, ತಲೆಗೆ ಗುಂಡು. ಉರುಳಿಬಿದ್ದು ನಿಂತ ಗಡಿಯಾರ 6.22 ತೋರಿಸುತ್ತಿದೆ. ಇನ್‌ಸ್ಪೆಕ್ಟರ್ ಸ್ಲ್ಯಾಕ್‌ಗೆ ಖುಷಿಯೋ ಖುಷಿ, ಸಾವಿನ ಹೊತ್ತು ಸಿಕ್ಕಿಬಿಟ್ಟಿತು. ಆದರೆ ಆ ಗಡಿಯಾರವನ್ನು ಪಾದ್ರಿ ಯಾವಾಗಲೂ ಕಾಲು ಗಂಟೆ ಮುಂದಿಟ್ಟಿರುತ್ತಾರೆ, ತಡವಾಗದಿರಲಿ ಎಂದು. ಅದನ್ನು ಹೇಳಲು ಬಾಯಿ ತೆರೆದಾಗೆಲ್ಲ ಇನ್‌ಸ್ಪೆಕ್ಟರ್ ಅವರ ಬಾಯಿ ಮುಚ್ಚಿಸುತ್ತಾನೆ.

ನಮ್ಮ ಮನೆಗಳಲ್ಲೂ ಶಾಲೆಗೆ ತಡವಾಗುತ್ತದೆಂದು ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವುದುಂಟು. ಮನೆಯವರಿಗೆಲ್ಲ ಗೊತ್ತು, ನೆಂಟರಿಗೆ ಗೊತ್ತಿಲ್ಲ. ಆ ಸುಳಿವಿನ ಬಲ ಅಲ್ಲಿದೆ. ಮನೆಯ ಗುಟ್ಟನ್ನು ಬಲ್ಲವರು ಯಾರು, ಅರಿಯದವರು ಯಾರು ಎಂದು ಅದು ಪಟ್ಟಿಯನ್ನು ಎರಡು ಮಾಡುತ್ತದೆ. ಬೆರಳಚ್ಚಿನಂಥ ಪುರಾವೆ ಒಬ್ಬನನ್ನೇ ತೋರಿಸಿ ಕತೆ ಮುಗಿಸಿಬಿಡುತ್ತದೆ. ಗಡಿಯಾರದಂಥ ಸುಳಿವು ಅರ್ಧ ಜನರನ್ನು ಮಾತ್ರ ತೋರಿಸುತ್ತದೆ, ಅದೂ ಯಾವ ಅರ್ಧ ಎಂದು ಖಚಿತವಾಗದಂತೆ.

ಕ್ರಿಸ್ಟಿಯವರ ಮೊದಲ ಕಾದಂಬರಿ 1920ರದು, ಸ್ಟೈಲ್ಸ್ ಎಂಬ ಬಂಗಲೆಯ ಕತೆ. ಅದರಲ್ಲಿ ಎರಡು ಸುಳಿವು ನೋಡಿ. ಬೇಸಿಗೆಯ ದಿನ, ನೆರಳಿನಲ್ಲೇ 80 ಡಿಗ್ರಿ ಫ್ಯಾರನ್‌ಹೀಟ್. ಮನೆಯೊಡತಿ ತನ್ನ ಕೋಣೆಯಲ್ಲಿ ಬೆಂಕಿ ಹಾಕಿಸುತ್ತಾಳೆ. ಏಕೆ? ಮೊದಲ ಮಹಾಯುದ್ಧದ ಕಾಲ, ಮನೆಯಲ್ಲಿ ಒಂದು ಚೂರು ಕಾಗದವನ್ನೂ ಬಿಸಾಡುವಂತಿಲ್ಲ, ಎಲ್ಲ ಕೂಡಿಟ್ಟು ಕಳಿಸುತ್ತಾರೆ. ಹಾಗಿರುವಾಗ ಉಯಿಲಿನಂಥ ದಪ್ಪ ಕಾಗದವನ್ನು ಯಾರಿಗೂ ತಿಳಿಯದಂತೆ ಇಲ್ಲವಾಗಿಸಲು ಸುಡುವುದೊಂದೇ ದಾರಿ. ಯುದ್ಧಕಾಲದ ಮಿತವ್ಯಯ, ಕಾಗದದ ದಪ್ಪ, ಹವೆ, ಮೂರೂ ಸೇರಿ ಒಂದು ಸುಳಿವಾಯಿತು. ಮೂರೂ ಓದುಗನ ಕಣ್ಣೆದುರೇ ಇದ್ದವು, ಬೇರೆ ಬೇರೆ ಪುಟಗಳಲ್ಲಿ.

ಎರಡನೆಯದು ವಿಷ. ಮನೆಯೊಡತಿ ಕುಡಿಯುತ್ತಿದ್ದ ಟಾನಿಕ್‌ನಲ್ಲಿ ಆ ಕಾಲದ ರೂಢಿಯಂತೆ ಅಲ್ಪ ಪ್ರಮಾಣದ ಸ್ಟ್ರಿಕ್ನಿನ್ ಇತ್ತು. ಅದಕ್ಕೆ ಬ್ರೋಮೈಡ್ ಬೆರೆತರೆ ಸ್ಟ್ರಿಕ್ನಿನ್ ಕರಗದ ಹರಳಾಗಿ ಗಸಿಯಂತೆ ತಳಕ್ಕಿಳಿಯುತ್ತದೆ. ಸೀಸೆಯನ್ನು ಅಲುಗಿಸದೆ ಬಗ್ಗಿಸಿಕೊಂಡರೆ ಮೊದಲ ಗುಟುಕುಗಳಲ್ಲಿ ವಿಷ ಇಲ್ಲವೇ ಇಲ್ಲ ಎನ್ನುವಷ್ಟು. ಕೊನೆಯ ಗುಟುಕಿನಲ್ಲಿ ಎಲ್ಲವೂ. ಆದ್ದರಿಂದ ಸಾಯುವ ಹೊತ್ತಿಗೆ ವಿಷ ಬೆರೆಸಿದವರು ಮನೆಯಲ್ಲೇ ಇರಬೇಕಾಗಿಲ್ಲ. ಎಲ್ಲರ ಅಲಿಬಿಗಳೂ (ಆ ಹೊತ್ತಿಗೆ ಬೇರೆಡೆ ಇದ್ದೆ ಎಂಬ ಸಾಕ್ಷ್ಯ) ಒಮ್ಮೆಗೇ ಬೆಲೆ ಕಳೆದುಕೊಂಡವು. ಟಾರ್ಕಿ ಊರಿನ ಯುದ್ಧಕಾಲದ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕ್ರಿಸ್ಟಿ ಕೆಲಸ ಮಾಡಿದ್ದರು, ಅಲ್ಲಿ ಸೀಸೆ ಅಲುಗಿಸುವುದು, ಬಿಡುವುದು ದಿನದ ಕಾಳಜಿ.

ಸುಳಿವನ್ನು ತೋರಿಸುವುದು ಸುಲಭ. ತೋರಿಸಿಯೂ ಕಾಣದಂತೆ ಮಾಡುವುದು ಕಷ್ಟ. ನುರಿತವರು ಬಳಸುವ ಉಪಾಯಗಳು ಹೆಚ್ಚಿಲ್ಲ. ಕೋಣೆಯಲ್ಲಿರುವ ಸಾಮಾನುಗಳ ಪಟ್ಟಿ ಕೊಟ್ಟು ಸುಳಿವನ್ನು ನಡುವೆ ತೂರಿಸುವುದು, ಏಕೆಂದರೆ ಓದುಗ ನೆನಪಿಡುವುದು ಮೊದಲನೆಯದನ್ನು ಮತ್ತು ಕೊನೆಯದನ್ನು. ಯಾರೂ ಕಿವಿಗೊಡದ ವಾಚಾಳಿ ಅತ್ತೆಯ ಬಾಯಲ್ಲಿ ಅದನ್ನು ಹೇಳಿಸುವುದು. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು, ಸುಳಿವು ಕಂಡ ಕೂಡಲೇ ಅದಕ್ಕೆ ತಪ್ಪು ವಿವರಣೆಯೊಂದನ್ನು ಕೊಟ್ಟುಬಿಡುವುದು. ಉತ್ತರ ಸಿಕ್ಕಿತು ಎಂದುಕೊಂಡವನು ಮತ್ತೆ ಪ್ರಶ್ನೆ ಕೇಳುವುದಿಲ್ಲ.

ಉಯಿಲು, ತೆರಿಗೆ, ಕುಸಿಯುವ ಗೋಡೆ

ಕೊಲ್ಲಲು ಕಾರಣ ಬೇಕಲ್ಲ. ಅದನ್ನೂ ಮನೆಯೇ ಒದಗಿಸಿತು. ಇಂಗ್ಲೆಂಡಿನ ಭೂಮಾಲೀಕ ಮನೆತನಗಳಲ್ಲಿ ಆಸ್ತಿ ಹೋಳಾಗದಿರಲಿ ಎಂದು ಹಿರಿಯ ಮಗನಿಗೇ ಹೋಗುತ್ತಿತ್ತು. ಕಿರಿಯರು, ಹೆಣ್ಣುಮಕ್ಕಳು, ವಿಧವೆ ಅತ್ತೆಯರು ಎಲ್ಲರೂ ಒಂದೇ ಸೂರಿನಡಿ ಒಬ್ಬನ ದಯೆಯಲ್ಲಿ ಬದುಕಬೇಕು. ಜತೆಗೆ ಧಣಿ ಯಾವಾಗ ಬೇಕಾದರೂ ಉಯಿಲು ಬದಲಿಸಬಹುದು. ನಾಳೆ ವಕೀಲರು ಬರುತ್ತಾರೆ ಎಂದು ಊಟದ ಮೇಜಿನಲ್ಲಿ ಹೇಳಿದ ಮುದುಕ ಆ ರಾತ್ರಿ ಬದುಕುವುದಿಲ್ಲ ಎಂದು ಓದುಗನಿಗೆ ಗೊತ್ತು.

ಇದೇ ಹೊತ್ತಿನಲ್ಲಿ ಹೊರಗೆ ಬೇರೆಯದೇ ಕೊಲೆ ನಡೆಯುತ್ತಿತ್ತು. ಸತ್ತವರ ಆಸ್ತಿಯ ಮೇಲೆ 1894ರಲ್ಲಿ ಬಂದ ತೆರಿಗೆಯ ಗರಿಷ್ಠ ದರ ಶೇ 8. 1919ಕ್ಕೆ ಅದು ಶೇ 40, 1930ಕ್ಕೆ ಶೇ 50, 1949ಕ್ಕೆ ಶೇ 80. ತೆರಿಗೆ ಕಟ್ಟಲು ಜಮೀನು ಮಾರಿದರು, ಜಮೀನು ಹೋದ ಮೇಲೆ ಮನೆ ನಡೆಸುವ ಆದಾಯ ಹೋಯಿತು, ಆಳುಗಳು ಕಾರ್ಖಾನೆ, ಅಂಗಡಿಗಳ ಕೆಲಸಕ್ಕೆ ಹೊರಟರು. 20ನೇ ಶತಮಾನದಲ್ಲಿ ಸಾವಿರಕ್ಕೂ ಹೆಚ್ಚು ಬಂಗಲೆಗಳನ್ನು ಕೆಡವಿದರು. ಕಾಗದದ ಮೇಲೆ ಬಂಗಲೆಗಳು ತುಂಬಿ ತುಳುಕಿದ 1920, 30ರ ದಶಕಗಳಲ್ಲೇ ನೆಲದ ಮೇಲಿನವು ಕಳಚಿ ಬೀಳುತ್ತಿದ್ದವು.

ಇದರ ಪರಿಣಾಮ ಕತೆಗಳ ಒಳಗೂ ಕಾಣುತ್ತದೆ. 1952ರ ನವೆಂಬರ್ 25ರಂದು ಲಂಡನ್ನಿನಲ್ಲಿ ಶುರುವಾಗಿ, ಕೋವಿಡ್ ಕಾಲದ ಬಿಡುವು ಬಿಟ್ಟರೆ ಇಂದಿಗೂ ನಡೆಯುತ್ತಿರುವ ಕ್ರಿಸ್ಟಿ ನಾಟಕ ‘ದಿ ಮೌಸ್‌ಟ್ರ್ಯಾಪ್’ನಲ್ಲಿ ಬಂಗಲೆ ಇದೆ, ಹಿಮವೂ ಇದೆ, ಆದರೆ ಆಳುಗಳಿಲ್ಲ. ಎಳೆಯ ದಂಪತಿ ಅದನ್ನು ಬಾಡಿಗೆ ಅತಿಥಿಗಳ ವಸತಿಗೃಹ ಮಾಡಿಕೊಂಡು ತಾವೇ ಅಡುಗೆ ಮಾಡಿ ಒಲೆಗೆ ಇದ್ದಿಲು ಹಾಕುತ್ತಾರೆ. ಅದಕ್ಕೂ ಎರಡು ವರ್ಷ ಮೊದಲಿನ ಮಾರ್ಪಲ್ ಕಾದಂಬರಿಯೊಂದರಲ್ಲಿ ಆ ಅಜ್ಜಿ ಗೊಣಗುತ್ತಾಳೆ: ಹದಿನೈದು ವರ್ಷದ ಹಿಂದೆ ಊರಿಗೆ ಹೊಸಬರು ಬಂದರೆ ಯಾರಾದರೂ ಗೊತ್ತಿದ್ದವರ ಕಾಗದ ತರುತ್ತಿದ್ದರು, ಈಗ ಬಂದವರು ತಾವು ಯಾರೆಂದು ಹೇಳಿದರೋ ಅದನ್ನೇ ನಂಬಬೇಕು. ಇದು ಹಳೆಯ ಕಾಲದ ಹಂಬಲ ಎನ್ನುವುದಕ್ಕಿಂತ ವೃತ್ತಿಪರರ ದೂರು. ಎಣಿಸಲು ಬರುತ್ತಿದ್ದ ಊರು ಎಣಿಸಲು ಬಾರದ ಊರಾಯಿತು.

ಬೈದವರು, ಹೊಗಳಿದವರು

ಈ ಕತೆಗಳನ್ನು ಕಟುವಾಗಿ ಬೈದವರಲ್ಲಿ ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಪ್ರಮುಖರು. 1944ರ ಪ್ರಬಂಧದಲ್ಲಿ ಅವರು ಎ.ಎ. ಮಿಲ್ನ್ ಅವರ ಬಂಗಲೆ ಕಾದಂಬರಿಯೊಂದನ್ನು ಹಿಡಿದು, ಹೆಣದ ಗುರುತನ್ನು ಕಾನೂನಿನಂತೆ ಯಾರೂ ಪರಿಶೀಲಿಸಲೇ ಇಲ್ಲ ಎಂಬಲ್ಲಿಂದ ಹಿಡಿದು ಒಂದೊಂದೇ ಲೋಪ ಎತ್ತಿ ತೋರಿಸಿದರು. ಹ್ಯಾಮೆಟ್ ಕೊಲೆಯನ್ನು ಹೂದಾನಿಯಿಂದ ತೆಗೆದು ಓಣಿಗೆ ಹಾಕಿದರು ಎಂಬುದು ಅವರ ಮೆಚ್ಚುಗೆ. 1971ರಲ್ಲಿ ಇಂಗ್ಲಿಷ್ ಲೇಖಕ ಕಾಲಿನ್ ವಾಟ್ಸನ್ ಈ ಕತೆಗಳ ಜಾತಿಬುದ್ಧಿಯಂಥ ವರ್ಗಬುದ್ಧಿಯನ್ನು ಬಿಡಿಸಿಟ್ಟರು. ಅವರ ಆಕ್ಷೇಪಣೆಗೆ ಸಾಕ್ಷಿ ಬೇಕಾದಷ್ಟಿದೆ: ಕೆಲಸದವರೆಂದರೆ ಪೆದ್ದರು, ವಿದೇಶಿಯರೆಂದರೆ ನಗೆಪಾಟಲು, ಯೆಹೂದಿಗಳ ಬಗ್ಗೆ ಈಗ ಓದಲಾಗದ ಮಾತುಗಳು. ಕ್ರಿಸ್ಟಿ ಪುಸ್ತಕಗಳ ಹೊಸ ಆವೃತ್ತಿಗಳಲ್ಲಿ ಅಂಥ ಮಾತುಗಳನ್ನು ಪ್ರಕಾಶಕರು ತಿದ್ದಿದ್ದು 2023ರಲ್ಲಿ ಸುದ್ದಿಯಾಯಿತು. ಹಕ್ಕುಸ್ವಾಮ್ಯ ಮುಗಿದರೆ ಅಮೆರಿಕದಲ್ಲಿ ತಿದ್ದದ 1930ರ ಪಠ್ಯವನ್ನೂ ಯಾರು ಬೇಕಾದರೂ ಅಚ್ಚು ಹಾಕಬಹುದು. ಕೊಳ್ಳುವಾಗ ಯಾವ ಪಠ್ಯ ಎಂದು ನೋಡಿಕೊಳ್ಳುವ ಹೊಣೆ ಇನ್ನು ಓದುಗರದು.

ಇನ್ನೊಂದು ಕಡೆ ಕವಿ ಡಬ್ಲ್ಯು.ಎಚ್. ಆಡೆನ್. 1948ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಇದು ತನಗೆ ತಂಬಾಕಿನಂಥ ಚಟ ಎಂದು ಒಪ್ಪಿಕೊಂಡು, ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆಯದ ಕತೆ ಓದಲು ತನಗೆ ಕಷ್ಟ ಎಂದರು. ಅವರ ವಾದ ಧಾರ್ಮಿಕ. ನಿರ್ಮಲವಾಗಿ ತೋರುವ ಜಾಗದಲ್ಲಿ ಹೆಣ ಬಿದ್ದಾಗ ಅಲ್ಲಿನ ಎಲ್ಲರೂ ತಪ್ಪಿತಸ್ಥರಾಗುತ್ತಾರೆ. ಪತ್ತೇದಾರ ಒಬ್ಬನನ್ನು ಬೇರ್ಪಡಿಸಿ ಉಳಿದವರ ಪಾಪ ತೊಳೆಯುತ್ತಾನೆ. ಕೊನೆಯಲ್ಲಿ ಎಲ್ಲರನ್ನೂ ಲೈಬ್ರರಿಯಲ್ಲಿ ಕೂರಿಸುವ ದೃಶ್ಯ ಪೊಲೀಸ್ ಕ್ರಮವಾಗಿ ನೋಡಿದರೆ ಶುದ್ಧ ಅಸಂಬದ್ಧ. ಆಡೆನ್ ಹೇಳಿದಂತೆ ನೋಡಿದರೆ ಅದಿಲ್ಲದೆ ಕತೆಯೇ ಮುಗಿಯುವುದಿಲ್ಲ.

ಚಾಂಡ್ಲರ್ ಹೇಳಿದ ಲೋಪಗಳು ನಿಜ, ಆದರೆ ಅವರ ತೀರ್ಮಾನ ತಪ್ಪು. ಚದುರಂಗದ ಕುದುರೆ ನಿಜವಾದ ಕುದುರೆಯಂತೆ ಓಡುವುದಿಲ್ಲ ಎಂದು ಆಟವನ್ನು ತಳ್ಳಿಹಾಕಿದಂತೆ. ವಾಟ್ಸನ್ ಮಾತು ಹೆಚ್ಚು ಗಟ್ಟಿ, ಆದರೂ ಒಂದನ್ನು ಅದು ಬಿಟ್ಟಿತು: ಧಣಿಗಳನ್ನು ಹಾಡಿಹೊಗಳುವ ಪುಸ್ತಕ ಬೇಕಾದವರು ಆ ಧಣಿಗಳಲ್ಲಿ ಒಬ್ಬ ಕೊಲೆಗಾರ, ಇಬ್ಬರು ದಿವಾಳಿ, ಒಬ್ಬಳು ಪತ್ರ ಕದ್ದವಳು ಎಂದು ತೋರಿಸುವ ಕತೆ ಹುಡುಕುವುದಿಲ್ಲ.

ನಕಲು ಎಲ್ಲಿ ಕೆಡುತ್ತದೆ

ಮೊದಲ ಮಾರ್ಪಲ್ ಕಾದಂಬರಿ ಬಿಟ್ಟಿಯಾದ ಮೇಲೆ ಅಮೆರಿಕದಲ್ಲಿ ಹೊಸ ಮಾರ್ಪಲ್ ಕತೆಗಳು, ಯಂತ್ರ ಬರೆದವೂ ಸೇರಿ, ರಾಶಿ ಬೀಳುವ ಸಂಭವ ಇದೆ. ಬಹುಪಾಲು ಒಂದೇ ಜಾಗದಲ್ಲಿ ಎಡವುತ್ತವೆ. ಅಲಂಕಾರ ತರುತ್ತಾರೆ, ಲೆಕ್ಕ ತರುವುದಿಲ್ಲ. ಮೇಣದಬತ್ತಿ, ಮೆಟ್ಟಿಲು, ಹಳೆಯ ಕಾರು ಎಲ್ಲ ಇದೆ; ಬಾಗಿಲಿಗೆ ಅಗುಳಿ ಹಾಕಿದವರು ಯಾರು, ಎಷ್ಟು ಹೊತ್ತಿಗೆ ಎಂದು ಕೇಳಿದರೆ ಉತ್ತರ ಇಲ್ಲ.

ಎರಡನೆಯ ತೊಡಕು ನಡುಭಾಗ. ಕೊಲೆಯ ನಂತರ ಒಬ್ಬೊಬ್ಬರನ್ನೇ ವಿಚಾರಿಸುವ ಎಂಟು ಅಧ್ಯಾಯ ಒಂದೇ ಥರ ಸಾಗುತ್ತವೆ. ಎರಡನೆಯ ಕೊಲೆ ಹಾಕಿದರೆ ಸರಿಹೋಗುತ್ತದೆ ಎಂಬುದು ರೂಢಿ. ಅದು ಅನುಮಾನಿತರ ಪಟ್ಟಿಯಿಂದ ಒಂದು ಹೆಸರು ಕಳೆದು ಒಗಟನ್ನು ಇನ್ನೂ ಸುಲಭ ಮಾಡುವುದೇ ಹೆಚ್ಚು. ಉತ್ತಮ ಲೇಖಕರು ನಡುವೆ ಪ್ರಶ್ನೆಯನ್ನೇ ಬದಲಿಸುತ್ತಾರೆ. ಯಾರು ಕೊಂದರು ಎಂದು ಶುರುವಾದದ್ದು ಯಾರನ್ನು ಕೊಲ್ಲಲು ಹೊರಟಿದ್ದರು ಎಂದು ತಿರುಗುತ್ತದೆ. ಆಗ ಓದಿದ್ದೆಲ್ಲ ಮತ್ತೆ ಎಣಿಸಬೇಕಾಗುತ್ತದೆ.

ಮೂರನೆಯದು ಮೊಬೈಲ್. ಯಾರು ಎಲ್ಲಿದ್ದರು ಎಂಬುದನ್ನು ಟವರ್ ಹೇಳುತ್ತದೆ, ಎದೆ ಬಡಿತ ನಿಂತದ್ದು ಎಷ್ಟು ಹೊತ್ತಿಗೆ ಎಂದು ಕೈಗಡಿಯಾರ ಹೇಳುತ್ತದೆ. ಗಡಿಯಾರ ಕಾಲು ಗಂಟೆ ಮುಂದಿಟ್ಟು ಮೋಸ ಮಾಡುವ ಕಾಲ ಹೋಯಿತು. ಲೇಖಕರು ಒಂದೋ 1930ಕ್ಕೆ ಓಡುತ್ತಾರೆ, ಇಲ್ಲವೇ ಬಿರುಗಾಳಿ ತಂದು ಸಿಗ್ನಲ್ ಕೀಳುತ್ತಾರೆ. ಎರಡನೆಯದು ಈಗ ಸವೆದ ನಾಣ್ಯ.

ಕನ್ನಡಕ್ಕೆ ತಂದರೆ

ಹೆಸರು ಬದಲಿಸಿ ಬಂಗಲೆಯನ್ನು ತೀರ್ಥಹಳ್ಳಿಗೆ ಸಾಗಿಸಿದರೆ ಆಗುವುದಿಲ್ಲವೇ? ಕೀಲುಗಳು ಕೂರುವುದಿಲ್ಲ. ಇಂಗ್ಲೆಂಡಿನಲ್ಲಿ 1837ರ ಕಾಯಿದೆಯಂತೆ ಮದುವೆಯಾದ ಕೂಡಲೇ ಹಳೆಯ ಉಯಿಲು ಸಾಮಾನ್ಯವಾಗಿ ರದ್ದು. ಮುದುಕನ ಎರಡನೆಯ ಮದುವೆಯ ಸುದ್ದಿಗೆ ಬಂಗಲೆ ನಡುಗುವುದು ಅದಕ್ಕೆ. ನಮ್ಮಲ್ಲಿ ಹಿಂದೂಗಳ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ. ಪಿತ್ರಾರ್ಜಿತದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು. ಅಪ್ಪ ಸಿಟ್ಟಿನಲ್ಲಿ ಬರೆದ ಉಯಿಲು ಅವನ ಪಾಲಿಗಷ್ಟೇ ಅನ್ವಯ. ಕೊಲ್ಲುವುದಕ್ಕಿಂತ ವಿಭಾಗದ ದಾವೆ ಹಾಕುವುದು ಲೇಸು, ಅದು ಎಷ್ಟು ವರ್ಷ ಎಳೆದರೂ. ಅಲ್ಲಿನ ಕತೆಗಳಲ್ಲಿ ಊರವರೆಲ್ಲ ಸೇರಿ ಕೇಳುವ, ಸಾವಿನ ಕಾರಣ ಹುಡುಕುವ ಕರೋನರ್ ಎಂಬ ಅಧಿಕಾರಿಯ ವಿಚಾರಣೆ ಇಲ್ಲಿಲ್ಲ; ಪೊಲೀಸರು ಪಂಚರ ಮುಂದೆ ಶವದ ಮಹಜರು ಬರೆದುಕೊಂಡು ಹೋಗುತ್ತಾರೆ. ಹಗಲೆಲ್ಲ ಬಾಗಿಲು ತೆರೆದಿರುವ, ಪಕ್ಕದ ಮನೆಯವರು ಹಿತ್ತಲಿನಿಂದ ಬಂದು ಹೋಗುವ ಮನೆಯಲ್ಲಿ ಜನರ ಪಟ್ಟಿ ಮುಗಿಯುವುದೇ ಇಲ್ಲ.

ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮ ಕನ್ನಡಿಗರನ್ನು ಗೆದ್ದದ್ದು ಸಾಹಸದಿಂದ, ಬೀಗ ಹಾಕಿದ ಕೋಣೆಯ ಗಣಿತದಿಂದಲ್ಲ ಎಂಬುದರಲ್ಲಿ ಆಶ್ಚರ್ಯ ಇಲ್ಲ. ಎಣಿಕೆಯ ಕತೆ ಇಲ್ಲಿ ಬೇಕೆಂದರೆ ಎಣಿಸಲು ಬರುವ ಜಾಗವನ್ನೇ ಹುಡುಕಬೇಕು. ಜುಲೈ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದ ಕೊಡಗಿನ ಕಾಫಿ ಎಸ್ಟೇಟ್ ಅಂಥ ಒಂದು ಜಾಗ. ಅಲ್ಲಿ ರೈಟರ್ ಬರೆಯುವ ಹಾಜರಿ ಪುಸ್ತಕ ಇದೆ, ಗೋದಾಮಿನ ಬೀಗದ ಕೈ ಯಾರ ಹತ್ತಿರ ಎಂದು ಗೊತ್ತು, ಕೆಲಸಕ್ಕೆ ಗಂಟೆ ಬಾರಿಸುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಡ.

ಅನುವಾದ ಮಾಡಲು ಹೊರಟವರು ಮಾತ್ರ ಕ್ಯಾಲೆಂಡರ್ ನೋಡಲೇಬೇಕು. ಅಮೆರಿಕದಲ್ಲಿ ಕ್ರಿಸ್ಟಿ ಕಾದಂಬರಿಗಳು ಪ್ರಕಟವಾದ ಕ್ರಮದಲ್ಲಿ ವರ್ಷಕ್ಕೆ ಒಂದು, ಎರಡು ಎಂದು ಬಿಡುಗಡೆಯಾಗುತ್ತ ಹೋಗುತ್ತವೆ. 1931ರದು 2027ರಲ್ಲಿ, 1934ರದು 2030ರಲ್ಲಿ. ಭಾರತದಲ್ಲಿ ಲೆಕ್ಕ ಸಾವಿನಿಂದ ಆದ್ದರಿಂದ ಅವರು ಬದುಕಿದ್ದಾಗ ಪ್ರಕಟಿಸಿದ್ದೆಲ್ಲ 2037ರ ಜನವರಿ 1ರ ಬೆಳಿಗ್ಗೆ ಒಮ್ಮೆಗೇ ತೆರೆಯುತ್ತದೆ. ತೀರಿಕೊಂಡ ಮೇಲೆ ಹೊರಬಂದ ಪುಸ್ತಕಗಳಿಗೆ ಪ್ರಕಟಣೆಯ ವರ್ಷದಿಂದ ಎಣಿಕೆ. ಮಾರ್ಪಲ್‌ಳ ಕೊನೆಯ ಕಾದಂಬರಿ ಬಂದದ್ದು 1976ರಲ್ಲೇ, ಹಾಗಾಗಿ ಅದಕ್ಕೂ ಅದೇ ದಿನ. ಆತ್ಮಕತೆ ಬಂದದ್ದು 1977ರಲ್ಲಿ, ಅದಕ್ಕೆ ಇನ್ನೊಂದು ವರ್ಷ ಕಾಯಬೇಕು. ಅಲ್ಲಿಯವರೆಗೆ ಕನ್ನಡದಲ್ಲಿ ಒಪ್ಪಂದ ಮಾಡಿಕೊಂಡು ಒಂದೊಂದೇ ಪುಸ್ತಕ ತರಬೇಕು. ಆ ಬೆಳಿಗ್ಗೆಯ ನಂತರ ಒಂದೇ ಕಾದಂಬರಿಗೆ ಐದಾರು ಅನುವಾದ ಒಟ್ಟಿಗೆ ಬಂದರೂ ತಡೆಯುವವರಿಲ್ಲ.